ಸೊಳ್ಳೆಗೂ ಅಭಯ

ಸಂಜೆ ಸೊಳ್ಳೆಬತ್ತಿ ಹಚ್ಚುವಾಗಲೆಲ್ಲ ನನಗೆ ಜಪಾನಿನ ಯುದ್ಧವಿಮಾನದ ಪೈಲಟ್ ಸಬುರೊ ಸಕಾಯ್ ನೆನಪಾಗುತ್ತಾನೆ. ‘ಸಮುರಾಯ್!’ ಅವನ ಆತ್ಮಕಥೆ. 1942ರ ಆಗಸ್ಟ್‌ನಲ್ಲಿ ಗ್ವಾಡಲ್‌ಕೆನಾಲ್ ದ್ವೀಪದ ಮೇಲಿನ ಕಾಳಗದಲ್ಲಿ ಅವನ ತಲೆಗೆ ಗುಂಡು ತಗುಲಿತು. ಬಲಗಣ್ಣು ಕಾಣದಾಯಿತು, ಎಡಮೈ ಸ್ವಾಧೀನ ತಪ್ಪಿತು. ಆ ಸ್ಥಿತಿಯಲ್ಲೇ ನಾಲ್ಕೂವರೆ ಗಂಟೆಗೂ ಹೆಚ್ಚು ಹೊತ್ತು ಝೀರೋ ವಿಮಾನ ನಡೆಸಿ ತನ್ನ ನೆಲೆ ರಬೌಲ್ ಮುಟ್ಟಿದ. ಓದುವಾಗ ನನ್ನ ಅಂಗೈ ಬೆವರಿತ್ತು.

ಆದರೆ ನನ್ನನ್ನು ಕಾಡುವುದು ಯುದ್ಧ ಮುಗಿದ ಮೇಲಿನ ಸಕಾಯ್. ಬೌದ್ಧನಾಗಿ, ಯಾವ ಜೀವವನ್ನೂ, ಸೊಳ್ಳೆಯನ್ನು ಕೂಡ, ಕೊಲ್ಲೆನೆಂದು ವ್ರತ ತೊಟ್ಟ. ಉಳಿಸಿದ ಸೊಳ್ಳೆ, ಕೆಡವಿದ ಪೈಲಟ್‌ನ ಲೆಕ್ಕಕ್ಕೆ ಜಮಾ ಆಗುತ್ತದೆಯೇ? ಇಲ್ಲ. ಕರ್ಮ ಅಂಗಡಿಯ ಉದ್ರಿ ಪುಸ್ತಕವಲ್ಲ. ಸತ್ತವರ ತಾಯಂದಿರಿಗೆ ಅವನ ವ್ರತದಿಂದ ಏನೂ ಮರಳಲಿಲ್ಲ. ಆದರೂ ಎತ್ತಿದ ಕೈಯನ್ನು ಪ್ರತಿಸಲವೂ ಇಳಿಸುವುದಿದೆಯಲ್ಲ, ಅದನ್ನು ಪ್ರಾಯಶ್ಚಿತ್ತವೆಂದೇ ನಂಬುತ್ತೇನೆ. ಇವತ್ತು ಬತ್ತಿ ಹಚ್ಚಲಿಲ್ಲ, ಸೊಳ್ಳೆಪರದೆ ಕಟ್ಟಿದೆ.