ಋಣ ಯಾರದು, ಸಾಲ ಯಾರ ಮೇಲೆ?

ಗೋವೆಯ ಕಡಲ ದಂಡೆಯಲ್ಲಿ ಬದುಕುವವರಿಗೆ ವರ್ಷದಲ್ಲಿ ಎರಡೇ ಕಾಲ. ಅಕ್ಟೋಬರಿನಿಂದ ಬೇಸಿಗೆಯವರೆಗೆ ಪ್ರವಾಸಿಗರ ಕಾಲ. ಜೂನ್ ಬಂತೆಂದರೆ ಶ್ಯಾಕ್‌ಗಳನ್ನು ಕಳಚಿಟ್ಟು ಮಳೆಯನ್ನು ನೋಡುತ್ತ ಕೂರುವ ಕಾಲ. ಮೊದಲನೆಯದರ ಗಳಿಕೆಯೇ ಎರಡನೆಯದರ ಅನ್ನ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಯ ಕಡೆಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಎಷ್ಟೋ ಮನೆಗಳು ಈ ಲೆಕ್ಕದ ಮೇಲೆಯೇ ನಿಂತಿವೆ. ಹೋಟೆಲಿನ ಅಡುಗೆಮನೆ, ಬಟ್ಟೆ ಒಗೆಯುವ ಕೆಲಸ, ಬಾಡಿಗೆ ವಾಹನ, ಮರಳಿನ ಮೇಲೆ ಮಣಿಸರ ಮಾರುವ ಲಂಬಾಣಿ ತಾಯಂದಿರ ಬುಟ್ಟಿ, ಇವೆಲ್ಲವೂ ಬಂದುಹೋಗುವ ಅತಿಥಿಯನ್ನು ನೆಚ್ಚಿದವು.

2020ರ ಮಾರ್ಚ್ ಕೊನೆಯ ವಾರದಲ್ಲಿ ಆ ಅತಿಥಿ ಬರುವುದು ನಿಂತಿತು. ಆ ವರ್ಷದ ಜುಲೈ 2ರಂದು ಗೋವೆಯು ದೇಶದೊಳಗಿನ ಪ್ರವಾಸಿಗರಿಗೆ ಬಾಗಿಲು ತೆರೆಯಿತಾದರೂ, ಹೊರದೇಶದವರಿಗೆ ಪ್ರವಾಸಿ ವೀಸಾ ಮತ್ತೆ ದೊರೆಯತೊಡಗಿದ್ದು 2021ರ ಅಕ್ಟೋಬರಿನಲ್ಲಿ. ನಡುವೆ ಕಳೆದುಹೋದ ಗಳಿಕೆಯ ಕಾಲಕ್ಕೆ ಹೊಣೆ ಯಾರು? ಸರ್ಕಾರವು ಪ್ರವಾಸೋದ್ಯಮಕ್ಕೆ ನೀಡಿದ ನೆರವನ್ನು ನಾವು ಏನೆಂದು ಕರೆಯಬೇಕು? ದಾನವೆಂದೇ, ಸಾಲವೆಂದೇ, ಅಥವಾ ಋಣಸಂದಾಯವೆಂದೇ? ಇದು ಕೇವಲ ಆಯವ್ಯಯದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಮಳೆ ಹೆಚ್ಚಾಗಿ ಕೆರೆಯ ಏರಿ ಒಡೆಯುವಂತಿದೆ. ಊರನ್ನು ಉಳಿಸಲು ಹಿರಿಯರು ಒಬ್ಬ ರೈತನ ಗದ್ದೆಯ ಕಡೆಗೆ ನೀರನ್ನು ತಿರುಗಿಸುತ್ತಾರೆ. ತೀರ್ಮಾನ ಸರಿಯಾದುದೇ, ಆ ರೈತನೂ ಅದನ್ನು ಒಪ್ಪಿಯಾನು. ಆದರೆ ಕೊಚ್ಚಿಹೋದ ಫಸಲಿನ ನಷ್ಟವನ್ನು ಅವನೊಬ್ಬನೇ ಹೊರಬೇಕೆಂದರೆ ಅದು ನ್ಯಾಯವಾಗದು. ಉಳಿದ ಪ್ರತಿಯೊಂದು ಮನೆಯೂ ಅವನಿಗೆ ಋಣಿ. ಊರು ಅವನಿಗೆ ಕಾಳು ಅಳೆದು ಕೊಟ್ಟರೆ ಅದು ದಾನವಲ್ಲ, ತೀರಿಸಲೇಬೇಕಾದ ಬಾಕಿ.

ಲಾಕ್‌ಡೌನ್ ಸಹ ಅಂತಹ ತೀರ್ಮಾನವೇ ಆಗಿತ್ತು. ಮುದುಕರ ಉಸಿರಿಗಾಗಿ, ಆಸ್ಪತ್ರೆಯ ಹಾಸಿಗೆಗಳಿಗಾಗಿ, ಎಲ್ಲರ ಹಿತಕ್ಕಾಗಿ ಕೆಲವರ ದುಡಿಮೆಯನ್ನು ಆಜ್ಞೆಯಿಂದ ನಿಲ್ಲಿಸಲಾಯಿತು. ಆಜ್ಞೆಯಿಲ್ಲದಿದ್ದರೂ ರೋಗಭಯದಿಂದ ಪ್ರವಾಸಿಗರು ಬರುತ್ತಿರಲಿಲ್ಲ, ಆದ್ದರಿಂದ ಸರ್ಕಾರ ಹೊಣೆಯಲ್ಲ ಎಂಬ ವಾದವುಂಟು. ಅದರಲ್ಲಿ ಸತ್ಯಾಂಶವಿದೆ, ಅದು ಬಾಕಿಯ ಮೊತ್ತವನ್ನು ಕಡಿಮೆ ಮಾಡೀತು, ಬಾಕಿಯನ್ನೇ ಅಳಿಸದು.

ಇನ್ನು ಕೊಟ್ಟದ್ದೇನು? 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಯೋಜನೆಯಡಿ 10,000 ರೂಪಾಯಿಗಳವರೆಗೆ ಸಾಲ. 2021ರ ಜೂನ್ 28ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಘೋಷಿಸಿದ ಯೋಜನೆಯಲ್ಲಿ ಮಾನ್ಯತೆ ಪಡೆದ ಮಾರ್ಗದರ್ಶಿಗಳಿಗೆ 1 ಲಕ್ಷ, ಪ್ರವಾಸ ಸಂಸ್ಥೆಗಳಿಗೆ 10 ಲಕ್ಷ ರೂಪಾಯಿಗಳವರೆಗೆ ಸಾಲ. ಅದಕ್ಕೆ ಸರ್ಕಾರದ ಪೂರ್ಣ ಖಾತರಿ. ಅಡಮಾನವಿಲ್ಲದೆ ಹಣ ಹುಟ್ಟದ ಕಾಲದಲ್ಲಿ ಇದು ಉಪಕಾರವೇ ಸರಿ. ಆದರೆ ಆ ಖಾತರಿ ಬ್ಯಾಂಕಿಗೆ ದೊರೆತ ಅಭಯವೇ ಹೊರತು ಸಾಲಗಾರನಿಗಲ್ಲ. ಅವನು ಕಳೆದುಕೊಂಡ ಗಳಿಕೆಯನ್ನು ಮುಂದಿನ ಗಳಿಕೆಯಿಂದ ತಾನೇ ತುಂಬಿಕೊಡಬೇಕಾಯಿತು. ಊರು ಆ ರೈತನನ್ನು ಕರೆದು, "ನಿನಗೆ ಬೀಜಕ್ಕೆ ಸಾಲ ಕೊಡಿಸುತ್ತೇವೆ, ಸುಗ್ಗಿಯಲ್ಲಿ ತೀರಿಸು" ಎಂದಂತೆ. ಋಣಿಯಾಗಿದ್ದ ಊರು ಜಾಮೀನುದಾರನಾಯಿತು. ಬಾಕಿ ಪಡೆಯಬೇಕಾದವನು ಸಾಲಗಾರನಾದನು.

ಹಾಗೆಂದು ಎಲ್ಲರ ಎಲ್ಲ ನಷ್ಟವನ್ನೂ ಬೊಕ್ಕಸ ಭರಿಸಬೇಕೆ? ಬೊಕ್ಕಸವೆಂಬುದು ಸಾಬೂನು ಕೊಳ್ಳುವ ಬಡವನ ಕೈಯಿಂದಲೂ ತುಂಬಿದ್ದು. ಎಂದೂ ರೆಸಾರ್ಟಿನ ಮೆಟ್ಟಿಲು ಹತ್ತದವನ ದುಡ್ಡಿನಿಂದ ರೆಸಾರ್ಟಿನ ಒಡೆಯನ ಲಾಭವನ್ನು ತುಂಬಿಕೊಡುವುದು ನ್ಯಾಯವಲ್ಲ. ಸಮಾಜದ ಋಣ ಇರುವುದು ಜೀವನೋಪಾಯಕ್ಕೆ, ಲಾಭಕ್ಕಲ್ಲ. ಬ್ರಿಟನ್ 2020ರಿಂದ 2021ರ ಸೆಪ್ಟೆಂಬರಿನವರೆಗೆ ನಡೆಸಿದ ಯೋಜನೆ ಈ ಅಂತರವನ್ನು ಅರಿತಿತ್ತು. ಕೆಲಸವಿಲ್ಲದೆ ಮನೆಯಲ್ಲಿದ್ದ ನೌಕರನ ಸಂಬಳದ ಶೇ. 80ರಷ್ಟನ್ನು, ತಿಂಗಳಿಗೆ 2,500 ಪೌಂಡ್‌ಗಳ ಮಿತಿಯಲ್ಲಿ, ಅದು ಖಾತರಿಗೊಳಿಸಿತು. ಹಣ ಮಾಲೀಕನ ಮೂಲಕ ಹೋದರೂ ಸೇರಬೇಕಾದದ್ದು ಕೆಲಸಗಾರನನ್ನು.

ಇದಕ್ಕೆ ವಿರುದ್ಧವಾದ ದಾರಿಯನ್ನು ಜಪಾನ್ ಹಿಡಿಯಿತು. 2020ರ ಜುಲೈ 22ರಂದು ಆರಂಭವಾದ 'ಗೋ ಟು ಟ್ರಾವೆಲ್' ಯೋಜನೆಯಲ್ಲಿ ಪ್ರವಾಸದ ವೆಚ್ಚದ ಅರ್ಧದವರೆಗೆ ಸರ್ಕಾರವೇ ಭರಿಸಿ ಜನರನ್ನು ಪ್ರಯಾಣಕ್ಕೆ ಹುರಿದುಂಬಿಸಿತು. ಸೋಂಕು ಏರಿದಾಗ ಡಿಸೆಂಬರ್ 28ರಿಂದ ದೇಶದಾದ್ಯಂತ ಅದನ್ನು ನಿಲ್ಲಿಸಬೇಕಾಯಿತು. ಸತ್ರಗಳನ್ನು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಒಬ್ಬನ ನಷ್ಟವನ್ನು ತುಂಬಲು ಮತ್ತೊಬ್ಬನ ಆರೋಗ್ಯವನ್ನು ಪಣಕ್ಕಿಡುವುದು, ಅದೂ ಆ ಮತ್ತೊಬ್ಬನು ಪರಿಚಾರಕನೋ ಹಾಸಿಗೆ ಹಾಸುವವಳೋ ಆಗಿರುವಾಗ, ನೆರವಿನ ಹೆಸರಿನ ಅನ್ಯಾಯವಾದೀತು. ಬಾಕಿಯನ್ನು ನೇರವಾಗಿ ತೀರಿಸಬೇಕು, ಅಪಾಯದ ಮೂಲಕವಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕೊನೆಯದು. ಬ್ರಿಟನ್ನಿನ ನೆರವು ಸಂಬಳಪಟ್ಟಿಯಲ್ಲಿ ಹೆಸರಿದ್ದವರಿಗೆ. ನಮ್ಮಲ್ಲಿಯದು ಮಾನ್ಯತೆ ಇದ್ದವರಿಗೆ, ಸ್ಥಳೀಯ ಸಂಸ್ಥೆಯ ಪತ್ರವಿದ್ದವರಿಗೆ. ಯಾವ ಪಟ್ಟಿಯಲ್ಲಿಯೂ ಇಲ್ಲದವರು? ದಿನಗೂಲಿಯ ಮೇಲೆ ಪಾತ್ರೆ ತೊಳೆಯುತ್ತಿದ್ದವನು, ಮಣಿಸರದ ಬುಟ್ಟಿ ಹೊತ್ತವಳು, ಮುಚ್ಚುಗಡೆಯ ಆಜ್ಞೆಗೆ ಎಲ್ಲರಂತೆಯೇ ತಲೆಬಾಗಿದರು. ಆಜ್ಞೆ ಹೊರಡಿಸುವಾಗ ಅವರ ಕಾಗದಪತ್ರವನ್ನು ಯಾರೂ ಕೇಳಲಿಲ್ಲ. ನೆರವು ಹಂಚುವಾಗ ಮಾತ್ರ ಕೇಳಿದರು. ಎರಡು ರಾಜ್ಯಗಳ ನಡುವೆ ಬದುಕುವ ನಮ್ಮವರಿಗೆ ಈ ತೊಡಕು ಇಮ್ಮಡಿ. ದುಡಿಮೆ ಇಲ್ಲಿ, ಪಡಿತರ ಚೀಟಿ ಊರಿನಲ್ಲಿ.

ಈ ಋಣದ ಒಂದು ಪಾಲು ನಮ್ಮ ಮೇಲೂ ಇದೆ. ಸ್ಥಿರ ಸಂಬಳದ ಆಸರೆಯಲ್ಲಿ ಮನೆಯೊಳಗೆ ಕ್ಷೇಮವಾಗಿದ್ದವರು ಉಳಿದದ್ದು ಇತರರ ಗದ್ದೆಯ ಮೇಲೆ ನೀರು ಹರಿದುದರಿಂದ. ಸಾಹಿತ್ಯ ಸಮ್ಮೇಳನ ನಡೆಸುವ ಸಂಘಗಳು ತಮ್ಮ ಊರಿನ ಇಂತಹ ದುಡಿಮೆಗಾರರ ಹೆಸರು, ಕಸುಬು, ವಾಸಸ್ಥಳಗಳ ಒಂದು ಪುಸ್ತಕವನ್ನು ಬರೆದಿಡಲಿ. ಪತ್ರ ಬೇಕಾದವರಿಗೆ ಪತ್ರ ಬರೆದುಕೊಡಲಿ. ಮುಂದಿನ ವಿಪತ್ತು ಹೇಳಿ ಬರುವುದಿಲ್ಲ. ಅದು ಬಂದಾಗ ಬಾಕಿ ಯಾರಿಗೆ ಸಲ್ಲಬೇಕೆಂದು ಹೇಳಬಲ್ಲ ಒಂದು ಪುಸ್ತಕವಾದರೂ ಕನ್ನಡದಲ್ಲಿ ಇರಲಿ.