ಉಗಿಕವಚ ಮತ್ತು ಕರ್ತೃತ್ವದ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರಗಳು ವಿದ್ಯುತ್ತಿಗೂ ಪೆಟ್ರೋಲಿಗೂ ದಾರಿ ಬಿಟ್ಟುಕೊಡದೆ ಬೆಳೆಯುತ್ತಲೇ ಹೋಗಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಊಹೆಯ ಮೇಲೆ ನಿಂತ ಕಥನಪ್ರಕಾರಕ್ಕೆ ಸ್ಟೀಮ್‌ಪಂಕ್ ಎಂದು ಹೆಸರು. ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ 1987ರಲ್ಲಿ ಬಳಕೆಗೆ ತಂದ ಈ ಹೆಸರಿನಡಿಯಲ್ಲಿ ಇಂದು ಕಾದಂಬರಿ, ಚಲನಚಿತ್ರ, ಆಟಗಳೆಲ್ಲ ಸೇರಿಕೊಂಡಿವೆ. ಇಂಥ ಕಲ್ಪಿತ ಲೋಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ವಸ್ತು ಉಗಿಕವಚ, ಅಂದರೆ ಬೆನ್ನ ಮೇಲಿನ ಬಾಯ್ಲರಿನಿಂದ ಕೈಕಾಲುಗಳ ಕೀಲುಗಳಿಗೆ ಬಲ ಹರಿಸುವ ಉಕ್ಕಿನ ಮೈಹೊದಿಕೆ. ಅದು ಕಥೆಗಾರರ ಕನಸಿನಲ್ಲಷ್ಟೇ ಇದ್ದ ವಸ್ತುವೂ ಅಲ್ಲ: ಅಮೆರಿಕದ ಲೆಸ್ಲಿ ಸಿ. ಕೆಲ್ಲಿ 1919ರಲ್ಲಿ ಪೇಟೆಂಟ್ ಪಡೆದ ‘ಪೆಡೊಮೋಟರ್’ ಎಂಬ ಸಾಧನದ ವಿನ್ಯಾಸದಲ್ಲಿ, ಬೆನ್ನಿಗೆ ಕಟ್ಟಿಕೊಂಡ ಸಣ್ಣ ಉಗಿಯಂತ್ರವೊಂದು ಸ್ನಾಯುಗಳ ಗುಂಟ ಹಾಯ್ದ ಕೃತಕ ಎಳೆಗಳನ್ನು ಸೆಳೆದು ಓಡುವವನಿಗೆ ನೆರವಾಗಬೇಕಿತ್ತು.

ಕವಚವೆಂಬುದು ಮೂಲತಃ ಪೆಟ್ಟನ್ನು ತಡೆಯುವ ಸಾಧನ. ತೊಟ್ಟವನ ತೋಳಿಗೆ ಅದು ಬಲ ಸೇರಿಸುವುದಿಲ್ಲ. ಕರ್ಣನ ಹುಟ್ಟುಕವಚವೂ ಅವನನ್ನು ಕಾಯುತ್ತಿತ್ತೇ ಹೊರತು ಬಾಣವನ್ನು ಬಿಡುತ್ತಿದ್ದುದು ಅವನದೇ ತೋಳು. ಉಗಿಕವಚದಲ್ಲಾದರೋ ಬೀಳುವ ಏಟಿನ ಬಲ ಯೋಧನದಲ್ಲ, ಅವನ ಬೆನ್ನ ಹಿಂದೆ ಉರಿಯುತ್ತಿರುವ ಕಲ್ಲಿದ್ದಲಿನದು. ಅವನ ಪಾಲಿಗೆ ಉಳಿಯುವುದು ಕವಾಟ ತೆರೆಯುವುದು, ಮುಚ್ಚುವುದು ಇಷ್ಟೇ. ಹಾಗಿದ್ದರೆ ಆ ಏಟಿನ ಕರ್ತೃ, ಅಂದರೆ ಅದರ ಪುಣ್ಯಪಾಪಗಳಿಗೆ ಹೊಣೆಯಾಗಬೇಕಾದ ಮಾಡುಗ, ಯಾರು? ಲೋಕವನ್ನು ಕಲ್ಪಿಸುವ ಲೇಖಕನು ಲೋಹದ ದಪ್ಪವನ್ನೂ ಕೊಳವೆಗಳ ಜೋಡಣೆಯನ್ನೂ ನಿರ್ಧರಿಸುವಾಗಲೇ ಈ ಪ್ರಶ್ನೆಗೆ, ತಿಳಿದೋ ತಿಳಿಯದೆಯೋ, ಒಂದು ಉತ್ತರ ಕೊಟ್ಟಿರುತ್ತಾನೆ.

ಮೊದಲು ಯಂತ್ರದ ಸ್ವಭಾವವನ್ನು ನೋಡಬೇಕು. ದುಡಿಮೆಗೆ ಪಳಗಿದ ಮನುಷ್ಯದೇಹವು ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ನೂರು ವ್ಯಾಟ್‌ನ ಆಸುಪಾಸಿನದು. ಕವಚವು ಇದಕ್ಕೆ ಒಂದು ಅಶ್ವಶಕ್ತಿಯನ್ನು, ಅಂದರೆ ಸುಮಾರು 746 ವ್ಯಾಟ್‌ಗಳನ್ನು, ಸೇರಿಸಬೇಕೆಂದು ಇಟ್ಟುಕೊಂಡರೆ, ಕೆಲಸ ಮುಗಿಸಿದ ಉಗಿಯನ್ನು ಹೊರಗೆ ಬಿಟ್ಟುಬಿಡುವ ಸಣ್ಣ ಯಂತ್ರವು ಇಂಧನದ ಶಾಖದಲ್ಲಿ ನೂರಕ್ಕೆ ಐದು ಪಾಲನ್ನು ಚಲನೆಯಾಗಿ ಮಾರ್ಪಡಿಸಿದರೂ, ಗಂಟೆಗೆ ಸುಮಾರು ಎರಡು ಕಿಲೊ ಕಲ್ಲಿದ್ದಲೂ ಹತ್ತು ಹನ್ನೆರಡು ಲೀಟರ್ ನೀರೂ ಬೇಕಾಗುತ್ತವೆ. ಉಳಿದ ತೊಂಬತ್ತೈದು ಪಾಲು ಶಾಖ ಹೊಗೆಯಲ್ಲಿ, ಹಬೆಯಲ್ಲಿ, ಯೋಧನ ಬೆನ್ನಿನಲ್ಲಿ ಕರಗಿಹೋಗಬೇಕು. ಕಾದಂಬರಿಗಳು ಈ ಲೆಕ್ಕವನ್ನು ಜಾಣತನದಿಂದ ಮರೆಸಬಲ್ಲವು, ಮರೆಸಿದರೆ ದೊಡ್ಡ ದೋಷವೂ ಇಲ್ಲ. ಮರೆಸಬಾರದ ಗುಣ ಬೇರೊಂದಿದೆ. ವಾತಾವರಣದ ಸಾಮಾನ್ಯ ಒತ್ತಡದಲ್ಲಿ ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎಡೆ ಕೊಡದೆ ಬಾಯ್ಲರಿನಲ್ಲಿ ಕೂಡಿಹಾಕಿದಾಗ ಹುಟ್ಟುವುದೇ ಒತ್ತಡ. ಒಲೆ ಉರಿಯುತ್ತಿರುವಷ್ಟು ಹೊತ್ತು, ಯಂತ್ರ ಓಡಲಿ ನಿಲ್ಲಲಿ, ಉಗಿ ಹುಟ್ಟುತ್ತಲೇ ಇರುತ್ತದೆ. ನಿಂತಾಗ ಉಗಿ ಖರ್ಚಾಗದೆ ಇರುವುದರಿಂದ ಒತ್ತಡ ಬೇಗ ಏರುತ್ತದೆ.

ಭಾರತೀಯ ದರ್ಶನಗಳಲ್ಲಿ ಕರ್ತೃತ್ವದ ಚರ್ಚೆ ಬಹಳ ಹಳೆಯದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಆಶ್ರಯವಾದ ಅಧಿಷ್ಠಾನ, ಕರ್ತೃ, ಸಾಧನಗಳಾದ ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ತಾನೊಬ್ಬನೇ ಮಾಡಿದೆನೆಂದು ತಿಳಿಯುವವನು ಸರಿಯಾಗಿ ಕಾಣುತ್ತಿಲ್ಲ ಎಂಬುದು ಅಲ್ಲಿಯ ನಿಲುವು. ಉಗಿಕವಚಕ್ಕೆ ಇದಕ್ಕಿಂತಲೂ ಹತ್ತಿರದ ಚರ್ಚೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿದೆ. ಜೀವನು ಕರ್ತೃವೇ ಎಂದು ವಿಚಾರಿಸುವ ಆ ಭಾಗದಲ್ಲಿ ಸೂತ್ರಕಾರನು ತಕ್ಷನ, ಅಂದರೆ ಬಡಗಿಯ, ದೃಷ್ಟಾಂತವನ್ನು ತರುತ್ತಾನೆ. ಮೂವರು ಆಚಾರ್ಯರು ಆ ಒಬ್ಬನೇ ಬಡಗಿಯಲ್ಲಿ ಮೂವರು ಬಡಗಿಗಳನ್ನು ಕಂಡಿದ್ದಾರೆ. ಶಂಕರರ ಬಡಗಿಯು ಬಾಚಿ ಹಿಡಿದಿರುವಾಗ ಕರ್ತೃವಾಗಿ ದಣಿಯುತ್ತಾನೆ, ಅದನ್ನು ಕೆಳಗಿಟ್ಟು ಮನೆಗೆ ಹೋದಾಗ ನಿರಾಳನಾಗುತ್ತಾನೆ. ಹಾಗೆಯೇ ಆತ್ಮಕ್ಕೆ ಕರ್ತೃತ್ವವು ಉಪಾಧಿಯಿಂದ, ಅಂದರೆ ಮೇಲೆ ಬಂದು ಅಂಟಿದ ದೇಹೇಂದ್ರಿಯಗಳ ಸಂಬಂಧದಿಂದ, ತೋರುವಂಥದು. ರಾಮಾನುಜರ ಬಡಗಿಯು ಸಾಧನಗಳೆಲ್ಲ ಕೈಯಲ್ಲಿದ್ದರೂ ಇಚ್ಛಿಸಿದಾಗ ಕೆತ್ತುತ್ತಾನೆ, ಇಚ್ಛಿಸದಿದ್ದಾಗ ಸುಮ್ಮನಿರುತ್ತಾನೆ. ಆದುದರಿಂದ ಇಚ್ಛೆಯುಳ್ಳ ಜೀವನೇ ನಿಜವಾದ ಕರ್ತೃ. ಮಧ್ವರ ಬಡಗಿಯು ಮಾಡಿಸುವವನ ಅಂಕೆಯಲ್ಲಿದ್ದೂ ತಾನೇ ಮಾಡುವವನು. ಜೀವನ ಕರ್ತೃತ್ವ ಸತ್ಯ, ಆದರೆ ಪರಾಧೀನ.

ಈ ಮೂರು ವ್ಯಾಖ್ಯಾನಗಳೂ, ತಮ್ಮ ಭೇದಗಳ ನಡುವೆ, ಒಂದು ಸಂಗತಿಯನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ: ಕೆಳಗಿಟ್ಟ ಬಾಚಿ ಸುಮ್ಮನೆ ಬಿದ್ದಿರುತ್ತದೆ. ಉಗಿ ಹಾಗೆ ಬಿದ್ದಿರುವುದಿಲ್ಲ. 1803ರಲ್ಲಿ ಲಂಡನ್ ಬಳಿಯ ಗ್ರೀನಿಚ್‌ನಲ್ಲಿ, ಅಧಿಕ ಒತ್ತಡದ ಉಗಿಯಂತ್ರಗಳನ್ನು ರೂಪಿಸುತ್ತಿದ್ದ ರಿಚರ್ಡ್ ಟ್ರೆವಿಥಿಕ್‌ನ ಯಂತ್ರವೊಂದು ಗಿರಣಿಯ ತಳಪಾಯದ ನೀರೆತ್ತುವ ಕೆಲಸದಲ್ಲಿತ್ತು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗನು ತಳಪಾಯದ ಗುಂಡಿಯಲ್ಲಿ ಹಾವುಮೀನು ಹಿಡಿಯಲು ಹೋಗುವಾಗ ಒಬ್ಬ ಕೂಲಿಗೆ ಯಂತ್ರವನ್ನು ಒಪ್ಪಿಸಿ ಹೋದ. ಯಂತ್ರ ಎಂದಿಗಿಂತ ವೇಗವಾಗಿ ಓಡುತ್ತಿರುವುದನ್ನು ಕಂಡ ಕೂಲಿ ಅದನ್ನು ನಿಲ್ಲಿಸಿದ. ಆದರೆ ಉಗಿಯ ಸನ್ನೆಕೋಲನ್ನು ಅದುಮಿ ಹಿಡಿದಿದ್ದ ಸ್ಪ್ಯಾನರನ್ನು ತೆಗೆಯಲಿಲ್ಲ. ನಿಂತ ಯಂತ್ರ ಸ್ವಲ್ಪ ಹೊತ್ತಿನಲ್ಲಿ ಸಿಡಿಯಿತು, ನಾಲ್ವರು ಸತ್ತರು. ಮರಣಕ್ಕೆ ಹತ್ತಿರದ ಕಾರಣವಾದದ್ದು ಓಟವಲ್ಲ, ನಿಲುಗಡೆ. ಅದೂ ಎಚ್ಚರಿಕೆಯಿಂದಲೇ, ಒಳ್ಳೆಯ ಉದ್ದೇಶದಿಂದಲೇ ಮಾಡಿದ ನಿಲುಗಡೆ.

ಕರ್ಮದಲ್ಲಿ ಅಕರ್ಮವನ್ನೂ ಅಕರ್ಮದಲ್ಲಿ ಕರ್ಮವನ್ನೂ ಕಾಣಬೇಕೆಂಬ ಗೀತೆಯ ನಾಲ್ಕನೆಯ ಅಧ್ಯಾಯದ ವಿಚಾರವು ಸಾಮಾನ್ಯವಾಗಿ ಮನಸ್ಸಿನ ಸೂಕ್ಷ್ಮ ಪ್ರವೃತ್ತಿಗಳನ್ನು ಕುರಿತದ್ದೆಂದು ವಿವರಿಸಲ್ಪಡುತ್ತದೆ. ಉಗಿಕವಚ ತೊಟ್ಟು ಕದಲದೆ ನಿಂತ ಯೋಧನಲ್ಲಿ ಅದರ ಉತ್ತರಾರ್ಧವು ಕಣ್ಣಿಗೇ ಕಾಣುತ್ತದೆ: ಅವನು ಏನನ್ನೂ ಮಾಡುತ್ತಿಲ್ಲ, ಆದರೂ ಅವನ ಬೆನ್ನಿನಲ್ಲಿ ಮುಂದಿನ ಏಟು ತಯಾರಾಗುತ್ತಿದೆ. ಆದುದರಿಂದ ಇಲ್ಲಿ ಹೊಣೆಯನ್ನು ಏಟು ಬಿದ್ದ ಕ್ಷಣಕ್ಕೆ ಕಟ್ಟಿಹಾಕುವುದು ತಪ್ಪಾಗುತ್ತದೆ. ಒಲೆ ಹೊತ್ತಿಸುವುದನ್ನು ಒಪ್ಪಿಕೊಂಡವನು ಒತ್ತಡದ ಇಡೀ ಆಯುಷ್ಯಕ್ಕೆ, ತಾನು ಸುಮ್ಮನಿರುವ ಹೊತ್ತಿಗೂ ಸೇರಿಸಿ, ಕರ್ತೃ. ಈ ಅರ್ಥದಲ್ಲಿ ರಾಮಾನುಜರ ಬಡಗಿ ಉಗಿಕವಚಕ್ಕೆ ಸಾಲುವುದಿಲ್ಲ, ಏಕೆಂದರೆ ಇಚ್ಛೆ ನಿಂತರೂ ಸಾಧನ ನಿಲ್ಲುವುದಿಲ್ಲ. ಬೇರೊಂದರ ಅಂಕೆಯಲ್ಲಿದ್ದೂ ತಾನೇ ಮಾಡುವವನಾದ ಮಧ್ವರ ಬಡಗಿಯೇ ಹೆಚ್ಚು ಸಮೀಪದವನು.

ಗ್ರೀನಿಚ್ ದುರಂತದ ಬಳಿಕ ಟ್ರೆವಿಥಿಕ್ ತನ್ನ ಬಾಯ್ಲರುಗಳಿಗೆ ಎರಡು ಸುರಕ್ಷಾ ಕವಾಟಗಳನ್ನೂ, ನೀರು ಇಂಗಿ ಲೋಹ ಅತಿಯಾಗಿ ಕಾದಾಗ ತಾನೇ ಕರಗಿ ದಾರಿಬಿಡುವ ಸೀಸದ ಬಿರಡೆಯನ್ನೂ ಅಳವಡಿಸಿದ. 1829ರ ರೇನ್‌ಹಿಲ್ ರೈಲು ಎಂಜಿನ್ ಸ್ಪರ್ಧೆಯ ನಿಯಮಗಳು ಪ್ರತಿ ಎಂಜಿನ್ನಿಗೂ ಎರಡು ಸುರಕ್ಷಾ ಕವಾಟಗಳಿರಬೇಕು, ಅವುಗಳಲ್ಲಿ ಒಂದು ಚಾಲಕನ ಕೈಗೆ ಎಟುಕಲೇಬಾರದು ಎಂದು ವಿಧಿಸಿದವು. ಆ ಎಟುಕದ ಕವಾಟದ ಮೂಲಕ ಚಾಲಕನ ಸ್ವಾತಂತ್ರ್ಯದೊಳಗೆ ಇತರರ ವಿವೇಕವನ್ನು ಕೂಡಿಸಿದಂತಾಯಿತು. ಅದನ್ನು ದೈವದ ಸ್ಥಾನದಲ್ಲಿ ಇರಿಸುವುದು ಅತಿಯಾದೀತು, ಏಕೆಂದರೆ ಕವಾಟದ ಭಾರವನ್ನು ನಿಗದಿಮಾಡುವವರೂ ಮನುಷ್ಯರೇ, ಅವರೂ ತಪ್ಪಬಲ್ಲರು. ಆದರೂ ಕಲ್ಪಿತ ಲೋಕವೊಂದರ ಕವಚದಲ್ಲಿ ಅಂಥ ಕವಾಟ ಇದೆಯೋ ಇಲ್ಲವೋ ಎಂಬುದರಿಂದ ಆ ಲೋಕದ ನೀತಿಯ ಬಹುಪಾಲು ತಿಳಿದುಬಿಡುತ್ತದೆ: ಯೋಧರಿಗೆ ಕವಾಟವನ್ನು ಅದುಮಿ ಕಟ್ಟಲು ಬಿಡುವ ರಾಜ್ಯವು ಅವರ ಪ್ರಾಣಕ್ಕೂ ಅಕ್ಕಪಕ್ಕದವರ ಪ್ರಾಣಕ್ಕೂ ಕಟ್ಟಿದ ಬೆಲೆ ಅದರಲ್ಲೇ ಬರೆದಿದೆ.

ಯುದ್ಧಧರ್ಮದ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ಮಹಾಭಾರತದ ಭೀಷ್ಮಪರ್ವದಲ್ಲಿ ಎರಡೂ ಪಕ್ಷಗಳು ಯುದ್ಧಕ್ಕೆ ಮುಂಚೆ ಒಪ್ಪಿಕೊಳ್ಳುವ ನಿಯಮಗಳ ಪ್ರಕಾರ ಆಯುಧ ತೀರಿದವನನ್ನೂ ವಿವರ್ಮನನ್ನೂ, ಅಂದರೆ ಕವಚ ಕಳೆದುಕೊಂಡವನನ್ನೂ, ಕೊಲ್ಲಕೂಡದು. ಉಗಿಕವಚದ ಯೋಧನು ಶರಣಾಗತನಾಗಿ ಕೈಯೆತ್ತಿದರೂ, ಒಲೆಯ ಕೆಂಡವನ್ನು ಹೊರಗೆಳೆದು ಉಗಿಯನ್ನು ಬಿಟ್ಟು ಮಾಪಕದ ಮುಳ್ಳು ಸೊನ್ನೆಗೆ ಇಳಿಯುವತನಕ ಅವನ ತೋಳಿನಲ್ಲಿ ಕೊಲ್ಲುವ ಬಲ ಉಳಿದೇ ಇರುತ್ತದೆ. ಆ ನಡುವಿನ ನಿಮಿಷಗಳಲ್ಲಿ ಅವನನ್ನು ಆಯುಧ ತೀರಿದವನೆಂದು ನಂಬುವವನು ತನ್ನ ಪ್ರಾಣವನ್ನು ಒಡ್ಡಿ ನಂಬಬೇಕು. ಇನ್ನು ನೀರೂ ಬೆಂಕಿಯೂ ತೀರಿಹೋದವನು ಮೈತುಂಬ ಉಕ್ಕು ಹೊತ್ತುಕೊಂಡೇ ಬೆರಳನ್ನೂ ಆಡಿಸಲಾರದೆ ನಿಂತಿರುತ್ತಾನೆ. ಅವನನ್ನು ಸಕವಚನೆಂದು ಎಣಿಸಬೇಕೋ ವಿವರ್ಮನೆಂದು ಎಣಿಸಬೇಕೋ ಎಂಬುದನ್ನು ಹಳೆಯ ನಿಯಮ ಹೇಳುವುದಿಲ್ಲ. ಆ ಲೋಕವನ್ನು ಕಟ್ಟುವ ಲೇಖಕನೇ ಮೊದಲ ಯುದ್ಧದ ದೃಶ್ಯವನ್ನು ಬರೆಯುವುದಕ್ಕೆ ಮುಂಚೆ ಅದನ್ನು ತೀರ್ಮಾನಿಸಬೇಕಾಗುತ್ತದೆ.