ಕಿವಿಗೆ ಎಷ್ಟು ಸಾಕು?



ಮನೆಯ ಕಂಪ್ಯೂಟರಿಗೆ ಇನ್ನೂ ಒಳ್ಳೆಯ ಸೌಂಡ್ ಕಾರ್ಡ್ ಹಾಕಿಸಿಕೊಳ್ಳುವುದು ಸರಿಯೋ ತಪ್ಪೋ? ಇದೂ ಒಂದು ನೈತಿಕ ಪ್ರಶ್ನೆಯೇ ಎಂದು ನೀವು ನಗಬಹುದು. ಕದಿಯುವುದು, ಸುಳ್ಳು ಹೇಳುವುದು ನೀತಿಗೆ ಸಂಬಂಧಿಸಿದ್ದು, ಯಂತ್ರದ ಬಿಡಿಭಾಗ ಕೊಳ್ಳುವುದು ಅಂಗಡಿಗೆ ಸಂಬಂಧಿಸಿದ್ದು ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ ಸಂಸಾರದಲ್ಲಿ ಮನಸ್ಸುಗಳು ಕೂಡುವುದೂ ಮುರಿಯುವುದೂ ಹೆಚ್ಚಾಗಿ ಇಂಥ ಸಣ್ಣ ಖರೀದಿಗಳಲ್ಲಿಯೇ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಮಗನಿಗೆ ಹಾಡು ಕೇಳುವ ಹುಚ್ಚು, ಜೊತೆಗೆ ಕಂಪ್ಯೂಟರ್ ಆಟದ ಹುಚ್ಚು. 8,000 ರೂಪಾಯಿಯ ಸೌಂಡ್ ಕಾರ್ಡ್ ಬೇಕೆನ್ನುತ್ತಾನೆ. "ಹಾಡು ಕೇಳಸ್ತೈತಲ್ಲೋ, ಇನ್ನೇನ ಬೇಕ ನಿನಗ?" ಎಂದು ತಂದೆ ಗದರುತ್ತಾರೆ. "ಕೇಳಸೋದು ಬ್ಯಾರೆ, ಛಲೋ ಕೇಳಸೋದು ಬ್ಯಾರೆ ಅಪ್ಪಾ" ಎಂದು ಮಗ ಉತ್ತರಿಸುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಉಳಿದರ್ಧವನ್ನು ನಾವು ಹುಡುಕೋಣ.

ಮೊದಲು ವಸ್ತುವನ್ನು ತಿಳಿಯೋಣ. ಕಂಪ್ಯೂಟರಿನೊಳಗೆ ಸಂಗೀತವೂ ಅಂಕಿಗಳ ರೂಪದಲ್ಲಿಯೇ ಇರುತ್ತದೆ. ಆ ಅಂಕಿಗಳನ್ನು ವಿದ್ಯುತ್ ಅಲೆಗಳಾಗಿ ಮಾರ್ಪಡಿಸಿ ಸ್ಪೀಕರಿಗೆ ಕಳುಹಿಸುವುದು ಸೌಂಡ್ ಕಾರ್ಡಿನ ಕೆಲಸ. ಐಬಿಎಂ ಮಾದರಿಯ ಹಳೆಯ ಕಂಪ್ಯೂಟರುಗಳಿಗೆ 'ಬೀಪ್' ಎನ್ನುವುದರ ಆಚೆ ಹೆಚ್ಚೇನೂ ಬರುತ್ತಿರಲಿಲ್ಲ. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪೆನಿಯ ಕಾರ್ಡ್ ಅವುಗಳಿಂದ ಸಂಗೀತ ನುಡಿಸಿತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪೆನಿ ತಂದ 'ಸೌಂಡ್ ಬ್ಲಾಸ್ಟರ್' ಮನುಷ್ಯರ ಮಾತನ್ನೂ ಕೇಳಿಸಿತು. ಆ ಕಾಲದಲ್ಲಿ ಕಾರ್ಡ್ ಇಲ್ಲದ ಕಂಪ್ಯೂಟರ್ ಮೂಕನಿದ್ದಂತೆ. ಇಂದು ಹಾಗಲ್ಲ. ಧ್ವನಿಯ ಚಿಪ್ ಮದರ್‌ಬೋರ್ಡಿನ ಮೇಲೆಯೇ ಕೂತುಬರುತ್ತದೆ, ಸಾಮಾನ್ಯ ಬಳಕೆಗೆ ಅದೇ ಧಾರಾಳ. ಮೂಕನಿಗೆ ಮಾತು ಕೊಡುವುದು ಒಂದು, ಚೆನ್ನಾಗಿ ಮಾತನಾಡುವವನಿಗೆ ಇನ್ನಷ್ಟು ಇಂಪು ಕೊಡುವುದು ಇನ್ನೊಂದು. ಮಗನ ಬೇಡಿಕೆ ಎರಡನೆಯದು.

ಹಾಗೆಂದು ಅದು ಸುಳ್ಳು ಬೇಡಿಕೆಯಲ್ಲ. ಒಂದೇ ಬೋರ್ಡಿನ ಮೇಲೆ ಹತ್ತು ಕೆಲಸಗಳು ನಡೆಯುವಾಗ ಅಲ್ಲಿಯ ವಿದ್ಯುತ್ ಗದ್ದಲ ಧ್ವನಿಯ ದಾರಿಗೂ ಸೋರಿ, ಹಾಡಿನ ಹಿಂದೆ 'ಸುಂಯ್' ಎಂಬ ಸದ್ದು ಕೇಳಿಸುವುದುಂಟು. ದೊಡ್ಡ ಹೆಡ್‌ಫೋನುಗಳಿಗೆ ಬೋರ್ಡಿನ ಚಿಪ್ ಬಲ ಸಾಲದಿರುವುದೂ ಉಂಟು. ಆಟದಲ್ಲಿ ಹೆಜ್ಜೆಯ ಸಪ್ಪಳ ಎಡದಿಂದ ಬಂತೋ ಹಿಂದಿನಿಂದ ಬಂತೋ ತಿಳಿಯುವುದೂ ಆಟದ ಭಾಗವೇ.

ಆಟವೆಂದ ಕೂಡಲೇ ಕೆಲವು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅವರು ಸಂತ ಥಾಮಸ್ ಅಕ್ವಿನಾಸರನ್ನು ಕೇಳಲಿ. ಹದಿಮೂರನೆಯ ಶತಮಾನದ ಈ ಮಹಾ ತತ್ವಜ್ಞಾನಿ, ಆಟದಲ್ಲಿಯೂ ಒಂದು ಸದ್ಗುಣ ಇರಲು ಸಾಧ್ಯವೇ ಎಂದು ಪ್ರಶ್ನಿಸಿಕೊಂಡು, 'ಸಾಧ್ಯ' ಎಂದೇ ಉತ್ತರಿಸಿದ್ದಾರೆ. ಅದಕ್ಕೆ ಅವರು ಕೊಡುವ ಉದಾಹರಣೆ ಪ್ರೇಷಿತ ಯೊವಾನ್ನರದು. ಶಿಷ್ಯರೊಡನೆ ವಿನೋದವಾಗಿ ಕಾಲ ಕಳೆಯುತ್ತಿದ್ದ ಅವರನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಅವರು ಬಿಲ್ಲು ಹಿಡಿದಿದ್ದ ಒಬ್ಬನಿಗೆ ಮತ್ತೆ ಮತ್ತೆ ಬಾಣ ಬಿಡಲು ಹೇಳಿ, ಬಿಡದೆ ಹೀಗೆಯೇ ಮಾಡುತ್ತಿರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದನಾತ. ಮನಸ್ಸೂ ಹಾಗೆಯೇ ಎಂಬುದು ಅವರ ಉತ್ತರ. ಆದರೆ ಬಿಲ್ಲನ್ನು ಸಡಿಲಿಸುವುದು ಮತ್ತೆ ಹೂಡುವುದಕ್ಕಾಗಿ. ಸಡಿಲಿಸಿ ಮೂಲೆಗೆ ಎಸೆದರೆ ಅದು ಬಿಲ್ಲಲ್ಲ, ಬರಿಯ ಕೋಲು.

ಇಲ್ಲಿಯವರೆಗೆ ಮಗನ ಪರವಾಗಿ ವಾದಿಸಿದ್ದಾಯಿತು. ಇನ್ನು ತಂದೆಯ 'ಸಾಕು' ಎಂಬ ಮಾತನ್ನು ನೋಡೋಣ. ಯಾವ ಕಲೆಯ ಉಪಕರಣಕ್ಕೂ ಮಿತಿಯಿಲ್ಲದೆ ಇಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಉಪಕರಣ ಎಷ್ಟಿರಬೇಕೆಂದು ಗೊತ್ತುಮಾಡುವುದು ಅದರ ಉದ್ದೇಶ. ಹೊಲಿಯುವ ಬಟ್ಟೆಗೆ ತಕ್ಕ ಸೂಜಿ ಬೇಕು, ಅದಕ್ಕಿಂತ ದೊಡ್ಡ ಸೂಜಿ ಒಳ್ಳೆಯ ಸೂಜಿಯಲ್ಲ. ಸೌಂಡ್ ಕಾರ್ಡಿನ ಉದ್ದೇಶ ಕಿವಿಗೆ ಕೇಳಿಸುವುದು. ಹಾಗಾದರೆ ಅದರ ಅಳತೆ ಕಿವಿಯಲ್ಲಿದೆ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಲ್ಲ.

ಕಿವಿಯ ಮಿತಿ ನಮಗೆ ತಿಳಿದೇ ಇದೆ. ಎಳೆಯ ವಯಸ್ಸಿನ ಆರೋಗ್ಯವಂತ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಕಂಪನಗಳು ಒಂದೊಂದಾಗಿ ಮರೆಯಾಗುತ್ತವೆ. ಈ ಮಿತಿಯನ್ನು ನೋಡಿಕೊಂಡೇ ಸಿ.ಡಿ. ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿಡಲಾಯಿತು. ಇಂದು 1,92,000 ಸಲ ಎಂದು ಜಾಹೀರಾತು ಕೊಡುವ ಕಾರ್ಡುಗಳಿವೆ. ಸಿ.ಡಿ. ಮಟ್ಟದ ಧ್ವನಿಯನ್ನೂ ಅದಕ್ಕಿಂತ ಮೇಲ್ಮಟ್ಟದ ಧ್ವನಿಯನ್ನೂ, ಯಾವುದು ಯಾವುದೆಂದು ಹೇಳದೆ ಕೇಳಿಸಿದ ಅಮೆರಿಕದ ಪರೀಕ್ಷೆಯೊಂದರ ವರದಿ 2007ರಲ್ಲಿ ಪ್ರಕಟವಾಯಿತು. 554 ಸಲದ ಪ್ರಯತ್ನದಲ್ಲಿ ಸರಿಯುತ್ತರ ಬಂದದ್ದು ಹೆಚ್ಚುಕಡಿಮೆ ಅರ್ಧ, ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಇನ್ನೊಂದು ಅಧ್ಯಯನ, ಅಲ್ಪ ವ್ಯತ್ಯಾಸ ತಿಳಿಯುತ್ತದೆ, ತರಬೇತಿ ಪಡೆದವರಿಗೆ ಹೆಚ್ಚು ತಿಳಿಯುತ್ತದೆ ಎಂದಿತು. ಗಮನಿಸಿ, ಅಲ್ಲಿಯೂ ವ್ಯತ್ಯಾಸ ಹಿಡಿದದ್ದು ಪಳಗಿದ ಕಿವಿ.

ಕಿವಿ ಪಳಗುವುದೆಂದರೇನು ಎಂಬುದನ್ನು ನಮ್ಮ ನೆಲಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದನ್ನು ಗ್ರಾಮೋಫೋನ್ ತಟ್ಟೆಯಲ್ಲಿ ಕೇಳಿದರು. ಕರಕರ ಸದ್ದಿನ ನಡುವೆ ಕೆಲವೇ ನಿಮಿಷ ಹಾಡುವ ತಟ್ಟೆ ಅದು. ಇಂದಿನ ಅತಿ ಅಗ್ಗದ ಮೊಬೈಲಿನಲ್ಲಿಯೂ ಅದಕ್ಕಿಂತ ನಿಚ್ಚಳವಾದ ಧ್ವನಿ ಬರುತ್ತದೆ. ಆದರೆ ಆ ತಟ್ಟೆ ಹುಡುಗನ ನೆಮ್ಮದಿ ಕೆಡಿಸಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಅವರು ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿಗೆ ಬಂದರು. ಆ ಗುರುಗಳು ಕಲಿತದ್ದು ಅದೇ ಕರೀಂ ಖಾನರ ಬಳಿ. ಇದೇ ಗುರುವಿನ ಪಾಠಕ್ಕಾಗಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು.

ಹಳೆಯ ಕರಕರ ತಟ್ಟೆಯೇ ಶ್ರೇಷ್ಠ ಎಂದು ಇದರ ಅರ್ಥವಲ್ಲ. ಬಡತನದ ಧ್ವನಿಯಲ್ಲಿ ಪುಣ್ಯವೇನಿಲ್ಲ. ಆದರೆ ಆ ಹುಡುಗ ತಟ್ಟೆ ಕೇಳಿ ಇನ್ನೂ ದೊಡ್ಡ ಗ್ರಾಮೋಫೋನ್ ಬೇಕೆಂದು ಬಯಸಲಿಲ್ಲ, ಹಾಡು ಬೇಕೆಂದು ಬಯಸಿದ. ಯಂತ್ರ ಅವನನ್ನು ಸಂಗೀತದ ಬಾಗಿಲಿಗೆ ತಂದು ಬಿಟ್ಟು ಹಿಂದೆ ಸರಿಯಿತು. ನಮ್ಮಲ್ಲಿ ಅನೇಕರಿಗೆ ಇಂದು ತಿರುಗುಮುರುಗಾಗಿದೆ. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಹಾಡು ಹಾಕುತ್ತೇವೆ. ಅರ್ಧ ನಿಮಿಷ ಕೇಳಿ ಮುಂದಿನದಕ್ಕೆ ಹಾರುತ್ತೇವೆ.

ಸಂತ ಅಗಸ್ಟೀನರು ಈ ಕಷ್ಟವನ್ನು ಬಲ್ಲವರು. ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಅವರು ಕಿವಿಯ ಸುಖವನ್ನು ಕುರಿತು ತಮ್ಮನ್ನೇ ವಿಚಾರಣೆ ಮಾಡಿಕೊಳ್ಳುತ್ತಾರೆ. ದೇವಾಲಯದ ಗೀತೆ ಕೇಳಿ ತಾವು ಅತ್ತದ್ದನ್ನು ನೆನೆದು ಸಂಗೀತ ಒಳ್ಳೆಯದೆನ್ನುತ್ತಾರೆ. ಆದರೆ ಹಾಡಿನ ಅರ್ಥಕ್ಕಿಂತ ಹಾಡಿನ ಇಂಪೇ ಮನವನ್ನು ಹೆಚ್ಚು ಸೆಳೆದಾಗ ಏನೋ ತಪ್ಪಿತೆಂದು ಒಪ್ಪುತ್ತಾರೆ. ಅವರಿಗೆ ಇಂಪೇ ಅರ್ಥವನ್ನು ಮರೆಸೀತೆಂಬ ಭಯ. ನಮ್ಮ ಕಾಲದಲ್ಲಿ ಇಂಪನ್ನೂ ಮರೆಸಿ ಪೆಟ್ಟಿಗೆಯ ಮೇಲಿನ ಅಂಕಿ ಗೆದ್ದಿದೆ.

ಈಗ ಆ ಮನೆಗೆ ಬರೋಣ. ಅಲ್ಲಿ ಇಬ್ಬರು ವಾದಿಸುತ್ತಿದ್ದಾರೆ, ಆದರೆ ಮನೆಯಲ್ಲಿರುವವರು ನಾಲ್ವರು. ಆ 8,000 ರೂಪಾಯಿ ತಂಗಿಯ ಟ್ಯೂಷನ್ನಿಗೆಂದು ಇಟ್ಟದ್ದೇ? ತಾಯಿಯ ಕನ್ನಡಕ ಮುಂದಿನ ತಿಂಗಳಿಗೆ ಹೋಯಿತೇ? ಅವರನ್ನು ಯಾರಾದರೂ ಕೇಳಿದರೇ? ಮೌನವಾಗಿ ಬಿಟ್ಟುಕೊಡುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರ ಮೌನವನ್ನು ಒಪ್ಪಿಗೆ ಎಂದು ತಿಳಿದರೆ ಅಲ್ಲಿ ಅನ್ಯಾಯ ನಡೆಯುತ್ತದೆ, ಅದು ಯಾರಿಗೂ ಕೇಳಿಸುವುದಿಲ್ಲ. ಎಷ್ಟು ಒಳ್ಳೆಯ ಕಾರ್ಡ್ ಹಾಕಿದರೂ ಕೇಳಿಸುವುದಿಲ್ಲ.

ಇನ್ನೊಂದು ಮಾತು. ಒಂದು ಕಾಲಕ್ಕೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಇಡೀ ಮನೆ ಒಟ್ಟಿಗೆ ಕೇಳುತ್ತಿತ್ತು. ಒಬ್ಬರಿಗೆ ಹಿಡಿಸದಿದ್ದರೂ ಇನ್ನೊಬ್ಬರಿಗಾಗಿ ಕೇಳುತ್ತಿದ್ದರು, ಕೇಳುತ್ತ ಕೇಳುತ್ತ ರುಚಿ ಹತ್ತುತ್ತಿತ್ತು. ಹೆಡ್‌ಫೋನ್ ಅಕ್ಕಪಕ್ಕದವರ ನಿದ್ದೆ ಕೆಡಿಸದಿರುವುದು ಉಪಕಾರವೇ ಸರಿ. ಆದರೆ ಊಟಕ್ಕೆ ಕರೆದ ತಾಯಿಯ ದನಿಯನ್ನೂ ಅದು ತಡೆಯುತ್ತದೆ. ಕಿವಿಯ ಆರೋಗ್ಯವನ್ನೂ ಮರೆಯಬಾರದು. ವಾರಕ್ಕೆ 40 ಗಂಟೆ ಕೇಳುವವರು ಧ್ವನಿಯನ್ನು 80 ಡೆಸಿಬೆಲ್ ಒಳಗಿಡಬೇಕು, 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ಬದಲಿಸಬಹುದು. ದೇವರು ಕೊಟ್ಟ ಕಿವಿಗೆ ಬಿಡಿಭಾಗ ಸಿಗುವುದಿಲ್ಲ.

ಆದುದರಿಂದ, ಪ್ರಿಯ ಯುವಕರೇ, ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಇದ್ದ ಸಾಧನದಲ್ಲಿಯೇ, ಮನೆಯವರ ಜೊತೆ ಕೂತು ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿ. ಏನು ಕೊರತೆ ಕಂಡಿತೆಂದು ನಿಮ್ಮನ್ನೇ ಕೇಳಿಕೊಳ್ಳಿ. ಸುಂಯ್ ಸದ್ದು ಇದ್ದರೆ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿರಿ. ಹೆಡ್‌ಫೋನನ್ನು ಮುಂದಿನ ತೂತಿನಿಂದ ಕಿತ್ತು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿ ನೋಡಿರಿ, ಅದಕ್ಕೆ ಖರ್ಚಿಲ್ಲ. ಬಹಳ ಸಲ ಕೊರತೆ ಇರುವುದು ಕಾರ್ಡಿನಲ್ಲಲ್ಲ, ಅಗ್ಗದ ಸ್ಪೀಕರಿನಲ್ಲಿ. ಇಷ್ಟಾದ ಮೇಲೂ ಕೊರತೆ ಕಾರ್ಡಿನದೇ ಆಗಿದ್ದು, ಹಣ ಯಾರ ಪಾಲಿನದೂ ಅಲ್ಲದಿದ್ದರೆ, ಅಳುಕದೆ ಕೊಳ್ಳಿರಿ, ಸಂತೋಷದಿಂದ ಕೇಳಿರಿ. ತಂದೆತಾಯಂದಿರೇ, ಆಗ ನೀವೂ 'ಸಾಕು' ಎಂದು ಗದರದೆ, ಮಗನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು ಕೇಳಿರಿ.